ಜೋಳದ ರೊಟ್ಟಿಯ ಹಗುರ ಊಟ (ಗೋಕಾಕ, ಮೂಡಲಗಿ, ಹುಕ್ಕೇರಿ)

ಜೋಳದ ರೊಟ್ಟಿಯ ಊಟವು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಮನೆಗಳಲ್ಲಿ ರೂಢಿಯಲ್ಲಿರುವ ಮುಖ್ಯ ಆಹಾರವಾಗಿದೆ. ಎಣ್ಣೆಯಿಲ್ಲದೆ ಹಂಚಿನ ಮೇಲೆ ಬೇಯಿಸಿದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪಿನ ಪಲ್ಯ, ಹಸಿ ತರಕಾರಿಯ ಪಚಡಿ, ಹಿಂಡಿ (ಚಟ್ನಿಪುಡಿ) ಹಾಗೂ ಮೊಸರು ಅಥವಾ ಮಜ್ಜಿಗೆ ಇದರ ಅಂಗಗಳು. ರುಚಿಯಲ್ಲಿ ಖಾರವಾಗಿದ್ದರೂ ಹೊಟ್ಟೆಗೆ ಹಗುರವೆಂಬುದು ಈ ಊಟದ ಬಗೆಗಿನ ಜನಾಭಿಪ್ರಾಯ. ಧಾನ್ಯದ ರೊಟ್ಟಿ ಅಥವಾ ನುಚ್ಚಿನೊಡನೆ ಕಾಳು ಮತ್ತು ಸೊಪ್ಪನ್ನು ಸೇರಿಸಿ ಉಣ್ಣುವ ಇದೇ ಕ್ರಮವು ಸುಡಾನ್, ಮೆಕ್ಸಿಕೊ, ಲೆಬನಾನ್, ಇಟಲಿ ಮೊದಲಾದ ದೇಶಗಳ ಅಡುಗೆಗಳಲ್ಲಿಯೂ ಕಂಡುಬರುತ್ತದೆ. ಆದುದರಿಂದ ಆ ದೇಶಗಳ ಹಲವು ವಿಧಾನಗಳನ್ನು ಸ್ಥಳೀಯ ಸಾಮಗ್ರಿಗಳಿಂದಲೇ ಮನೆಯಲ್ಲಿ ಅಳವಡಿಸಿಕೊಳ್ಳಬಹುದಾಗಿದೆ.

ಪ್ರದೇಶ ಮತ್ತು ಬೆಳೆ

ಈ ಮೂರು ತಾಲೂಕುಗಳು ಘಟಪ್ರಭಾ ನದಿಯ ಕಣಿವೆಯಲ್ಲಿವೆ. ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ಇದರ ಉಪನದಿಗಳು. ಮೂಡಲಗಿಯು ಮೊದಲು ಗೋಕಾಕ ತಾಲೂಕಿನ ಭಾಗವಾಗಿದ್ದು, ನಂತರ ಪ್ರತ್ಯೇಕ ತಾಲೂಕಾಯಿತು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭಾ ನದಿಗೆ ಕಟ್ಟಿರುವ ಅಣೆಕಟ್ಟೆಯನ್ನು ರಾಜಾ ಲಖಮಗೌಡ ಜಲಾಶಯವೆಂದು ಕರೆಯುತ್ತಾರೆ.

ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಹಿಂಗಾರಿ ಜೋಳವು ಹಿಂದಿನಿಂದ ಬಂದ ಬೆಳೆ. ಮಣ್ಣಿನಲ್ಲಿ ಉಳಿದ ತೇವದಿಂದಲೇ ಅದು ಬೆಳೆಯುತ್ತದೆ. ಕಾಳು ಮನುಷ್ಯರಿಗೂ ಕಣಿಕೆ ದನಗಳಿಗೂ ಒದಗುತ್ತದೆ. ಎಂ 35-1 ಎಂಬ ಮಾಲದಂಡಿ ತಳಿಯು ರೊಟ್ಟಿಗೆ ಹೆಸರಾದುದು. ಇನ್ನೂ ಹಸಿಯಾಗಿರುವ ತೆನೆಯನ್ನು ಸುಟ್ಟು ತೆಗೆದ ಕಾಳಿಗೆ ಸೀತನಿ ಎನ್ನುತ್ತಾರೆ.

ನೀರಾವರಿ ಬಂದ ಹೊಲಗಳಲ್ಲಿ ಕಬ್ಬು ಮತ್ತು ಗೋವಿನಜೋಳಕ್ಕೆ ಪ್ರಾಶಸ್ತ್ಯ ದೊರೆತುದರಿಂದ ಜೋಳವು ಒಣಬೇಸಾಯದ ಭೂಮಿಗೆ ಸರಿಯಿತು. ಕಬ್ಬಿಗೆ ಕಾರ್ಖಾನೆಯ ಖರೀದಿ ಇದೆ. ಜೋಳಕ್ಕೆ ಅಂತಹ ನೆಲೆಯಾದ ವ್ಯವಸ್ಥೆ ಇಲ್ಲ. ಪಡಿತರದಲ್ಲಿ ಅಕ್ಕಿಯೇ ಪ್ರಧಾನವಾಗಿ ದೊರೆಯುವುದೂ ಊಟದ ರೂಢಿಯ ಮೇಲೆ ಪ್ರಭಾವ ಬೀರಿದೆ. ಹೀಗೆ ಹೊಲದಲ್ಲಿ ಬೆಳೆಯುತ್ತಿದ್ದ ಧಾನ್ಯವನ್ನು ಅನೇಕ ಕುಟುಂಬಗಳು ಈಗ ಸಂತೆಯಿಂದ ಕೊಂಡು ತರಬೇಕಾಗಿದೆ. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿತು. ಆ ಸಂದರ್ಭದಲ್ಲಿ ಜೋಳವನ್ನೂ ಈ ಧಾನ್ಯಗಳ ಗುಂಪಿನಲ್ಲಿ ಎಣಿಸಲಾಯಿತು.

ಇತಿಹಾಸ: ಹೊರನಾಡಿನಿಂದ ಬಂದ ಸಾಮಗ್ರಿಗಳು

ಅಪ್ಪಟ ಸ್ಥಳೀಯವೆಂದು ತೋರುವ ಈ ಊಟದ ಹಲವು ಸಾಮಗ್ರಿಗಳು ದೂರದೇಶದಿಂದ ಬಂದವು. ಜೋಳವು ಮೊದಲು ಸಾಗುವಳಿಗೆ ಬಂದದ್ದು ಈಶಾನ್ಯ ಆಫ್ರಿಕದಲ್ಲಿ. ಅದು ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದು ನೆಲೆಯೂರಿತು. ಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ ಮತ್ತು ಗೋವಿನಜೋಳ ಅಮೆರಿಕ ಖಂಡಗಳ ಬೆಳೆಗಳು. 1492ರ ನಂತರದ ಸಮುದ್ರ ವ್ಯಾಪಾರದಿಂದ ಅವು ಏಷ್ಯಕ್ಕೆ ಬಂದವು. ಮೆಣಸಿನಕಾಯಿಯನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಇಂದು ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹೆಸರೇ ಒಂದು ಬಗೆಯ ಮೆಣಸಿನಕಾಯಿಗೆ ಅಂಟಿಕೊಂಡಿದೆ. ಹೊರಗಿನದನ್ನು ತನ್ನ ರುಚಿಗೆ ಒಗ್ಗಿಸಿಕೊಳ್ಳುವುದು ಈ ಭಾಗದ ಅಡುಗೆಮನೆಗೆ ಹೊಸತಲ್ಲ ಎಂಬುದಕ್ಕೆ ಇದು ನಿದರ್ಶನ.

ಊಟದ ಅಂಗಗಳು

* ರೊಟ್ಟಿ: ಜೋಳದ್ದು ಮುಖ್ಯ, ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಉಂಟು. ಒಣಗಿಸಿದ ಖಡಕ್ ರೊಟ್ಟಿಯು ಹಲವು ದಿನ ಕೆಡದೆ ಉಳಿಯುವುದರಿಂದ ಪ್ರಯಾಣಕ್ಕೂ ವಸತಿನಿಲಯದ ವಿದ್ಯಾರ್ಥಿಗಳಿಗೂ ಅನುಕೂಲ.
* ಕಾಳಿನ ಪಲ್ಯ: ಹೆಸರು, ಮಡಕಿ, ಅಲಸಂದಿ, ಕಡಲೆ; ಸಾಮಾನ್ಯವಾಗಿ ನೆನೆಸಿ ಅಥವಾ ಮೊಳಕೆ ಬರಿಸಿ ಮಾಡುತ್ತಾರೆ.
* ಸೊಪ್ಪು: ಮೆಂತ್ಯ, ರಾಜಗಿರಿ, ಪುಂಡಿಪಲ್ಯ, ಹಕ್ಕರಕಿ. ಹಕ್ಕರಕಿ ಮತ್ತು ಎಳೆಯ ಮೆಂತ್ಯವನ್ನು ಹಸಿಯಾಗಿಯೇ ತಿನ್ನುವುದುಂಟು.
* ತರಕಾರಿ: ಬದನೆಕಾಯಿಯ ಎಣಗಾಯಿ, ಹೀರೆಕಾಯಿ, ಚವಳಿಕಾಯಿ.
* ಹಿಂಡಿ: ಶೇಂಗಾ, ಗುರೆಳ್ಳು, ಅಗಸಿ.
* ನುಚ್ಚು, ಸಂಗಟಿ ಮತ್ತು ಅಂಬಲಿ: ಒಡೆದ ಜೋಳ ಅಥವಾ ಹಿಟ್ಟನ್ನು ನೀರಿನಲ್ಲಿ ಬೇಯಿಸಿದ ಬಗೆಗಳು.

ಹಗುರತೆಯ ಕಾರಣಗಳು

ಜೋಳದ ರೊಟ್ಟಿ ತಿಂದರೆ ತೂಕ ತಾನಾಗಿ ಇಳಿಯುವುದೆಂಬ ನಂಬಿಕೆ ಸರಿಯಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 330ರಿಂದ 350 ಕಿಲೋಕ್ಯಾಲರಿ ಶಕ್ತಿ ಇರುತ್ತದೆ. ಗೋಧಿ ಮತ್ತು ಅಕ್ಕಿಯೂ ಹೆಚ್ಚುಕಡಿಮೆ ಇದೇ ಪ್ರಮಾಣದವು. 40 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಿಂದ ಸುಮಾರು 135 ಕಿಲೋಕ್ಯಾಲರಿ ದೊರೆಯುತ್ತದೆ. ವ್ಯತ್ಯಾಸವಿರುವುದು ಬೇರೆ ಅಂಶಗಳಲ್ಲಿ. ಮೊದಲನೆಯದು, ಇಡೀ ಕಾಳನ್ನು ಬೀಸುವುದರಿಂದ ಪಾಲಿಶ್ ಮಾಡಿದ ಅಕ್ಕಿಗಿಂತ ನಾರಿನಂಶ ಹೆಚ್ಚು. ಎರಡನೆಯದು, ರೊಟ್ಟಿಗೆ ಎಣ್ಣೆ ಬೇಕಿಲ್ಲ. ಮೂರನೆಯದು, ಅಗಿದು ತಿನ್ನಬೇಕಾದುದರಿಂದ ಊಟ ನಿಧಾನವಾಗುತ್ತದೆ. ನಾಲ್ಕನೆಯದು, ಜೊತೆಗೆ ಕಾಳು, ಸೊಪ್ಪು, ಹಸಿ ತರಕಾರಿ ತಟ್ಟೆಯ ಬಹುಭಾಗವನ್ನು ತುಂಬುತ್ತವೆ.

ಹಗುರತೆಯನ್ನು ಕೆಡಿಸುವುದು ಸಾಮಾನ್ಯವಾಗಿ ಪಲ್ಯದ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕಿಲೋಕ್ಯಾಲರಿ ಇರುತ್ತದೆ. ನಾಲ್ವರ ಪಲ್ಯಕ್ಕೆ ನಾಲ್ಕು ಚಮಚದ ಬದಲು ಒಂದು ಚಮಚ ಬಳಸಿದರೆ ತಲೆಗೆ ಸುಮಾರು 90 ಕಿಲೋಕ್ಯಾಲರಿ, ಅಂದರೆ ಮುಕ್ಕಾಲು ಚಮಚ ಎಣ್ಣೆ, ಉಳಿಯುತ್ತದೆ. ಶೇಂಗಾ ಹಿಂಡಿಯಲ್ಲಿಯೂ ಕೊಬ್ಬು ಹೆಚ್ಚಿರುವುದರಿಂದ ಅದನ್ನು ಮಿತವಾಗಿ ಬಳಸುವುದು ಸೂಕ್ತ.

ಒಂದೇ ಧಾನ್ಯವನ್ನು ನಂಬುವುದರ ಅಪಾಯ

ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಕಾಳುಬೇಳೆಗಳಲ್ಲಿ ಅದು ಸಾಕಷ್ಟಿದೆ. ಎರಡನ್ನೂ ಕೂಡಿಸಿ ಉಂಡಾಗ ಪೋಷಣೆ ಪೂರ್ಣತೆಯ ಕಡೆಗೆ ಸಾಗುತ್ತದೆ. ದಖ್ಖನ್ನಿನಲ್ಲಿ ಹೆಚ್ಚಾಗಿ ಜೋಳವನ್ನೇ ಉಂಡು ಬದುಕುತ್ತಿದ್ದ ಬಡವರಲ್ಲಿ ಪೆಲಾಗ್ರ ಎಂಬ ಕೊರತೆಯ ರೋಗ ಕಾಣಿಸಿಕೊಂಡಿತ್ತು. ಹೈದರಾಬಾದಿನಲ್ಲಿ ಪೋಷಣ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1960ರ ಸುಮಾರಿನಲ್ಲಿ ಇದನ್ನು ಅಧ್ಯಯನ ಮಾಡಿ, ಜೋಳದಲ್ಲಿನ ಹೆಚ್ಚಿನ ಲ್ಯೂಸಿನ್ ಇದಕ್ಕೆ ಕಾರಣವಿರಬಹುದೆಂದು ಮಂಡಿಸಿದರು. ಕಾಳಿನ ಪಲ್ಯ, ಸೊಪ್ಪು ಮತ್ತು ಮಜ್ಜಿಗೆ ರೊಟ್ಟಿಗೆ ಬರಿಯ ನಂಜಿಕೊಳ್ಳುವ ಪದಾರ್ಥಗಳಲ್ಲ. ಊಟದ ಅಗತ್ಯ ಭಾಗಗಳು ಎಂಬುದು ಇದರಿಂದ ತಿಳಿಯುತ್ತದೆ.

ಅನ್ಯದೇಶದ ಅಡುಗೆಗಳೊಡನೆ ಹೋಲಿಕೆ

ಸುಡಾನಿನಲ್ಲಿ ಜೋಳದ ಹಿಟ್ಟನ್ನು ಹುಳಿಬರಿಸಿ ಹಂಚಿನ ಮೇಲೆ ತೆಳುವಾಗಿ ಹರಡಿ ಕಿಸ್ರ ಎಂಬ ರೊಟ್ಟಿ ಮಾಡುತ್ತಾರೆ. ಹುಳಿಬರಿಸುವ ವಿಧಾನವು ನಮ್ಮ ಅಂಬಲಿಗೂ ಪರಿಚಿತ. ಮೆಕ್ಸಿಕೊದಲ್ಲಿ ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು ಟೋರ್ಟಿಯ ಮಾಡುತ್ತಾರೆ. ಆ ಸಂಸ್ಕಾರದಿಂದ ಧಾನ್ಯದಲ್ಲಿನ ನಯಾಸಿನ್ ದೇಹಕ್ಕೆ ದೊರೆಯುವಂತಾಗುತ್ತದೆ. ಟೋರ್ಟಿಯ ಮತ್ತು ಹುರುಳಿ ಜಾತಿಯ ಕಾಳುಗಳ ಜೋಡಿಯು ರೊಟ್ಟಿ ಮತ್ತು ಮಡಕಿ ಪಲ್ಯದ ಜೋಡಿಯನ್ನೇ ಹೋಲುತ್ತದೆ. ಇಟಲಿಯ ಪೊಲೆಂಟ ನಮ್ಮ ಸಂಗಟಿಗೆ ಸಮೀಪದ್ದು. ಅದೇ ದೇಶದ ಫರಿನಾಟ ಮತ್ತು ದಕ್ಷಿಣ ಫ್ರಾನ್ಸಿನ ಸೊಕ್ಕ ಕಡಲೆಹಿಟ್ಟಿನಿಂದಾದವು. ಇಲ್ಲಿ ಅದೇ ಹಿಟ್ಟಿನಿಂದ ಜುಣಕ ಅಥವಾ ಹಿಟ್ಟಿನ ಪಲ್ಯವಾಗುತ್ತದೆ. ಟರ್ಕಿಯ ಜಾಜಿಕ್ ಮತ್ತು ಗ್ರೀಸಿನ ಜಾಜಿಕಿ ಸೌತೆಕಾಯಿ–ಮೊಸರಿನ ಪಚಡಿಯ ಸೋದರಿಗಳು. ಲೆಬನಾನಿನ ತಬ್ಬೂಲೆಯಲ್ಲಿ ಗೋಧಿ ನುಚ್ಚಿಗಿಂತ ಹಸಿ ಸೊಪ್ಪೇ ಹೆಚ್ಚಿರುತ್ತದೆ.

ತಯಾರಿಕಾ ವಿಧಾನಗಳು (ನಾಲ್ವರಿಗೆ)

ಜೋಳದ ರೊಟ್ಟಿ. ಜೋಳದಲ್ಲಿ ಗೋಧಿಯಂತೆ ಅಂಟಿನ ಪ್ರೋಟೀನ್ ಇಲ್ಲ. ಆದುದರಿಂದ ಕುದಿಯುವ ಎಸರನ್ನು ಹಾಕಿ ಪಿಷ್ಟವನ್ನು ಅರೆಬೇಯಿಸಿದಾಗ ಮಾತ್ರ ಹಿಟ್ಟಿಗೆ ಜಿಗಿ ಬರುತ್ತದೆ. 320 ಗ್ರಾಂ ಹಿಟ್ಟಿನ ನಡುವೆ ಗುಣಿ ಮಾಡಿ, ಸುಮಾರು ಒಂದೂವರೆ ಲೋಟ ಕುದಿವ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಸಬೇಕು. ಕೈ ತಡೆಯುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ ಎಂಟು ಉಂಡೆ ಮಾಡಬೇಕು. ಒಣಹಿಟ್ಟು ಉದುರಿಸಿ ತೆಳ್ಳಗೆ ಬಡಿದು, ಕಾದ ಹಂಚಿಗೆ ಹಾಕಿ, ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ನೀರು ಆರುತ್ತಿದ್ದಂತೆ ತಿರುವಿ ಬೇಯಿಸಿದರೆ ರೊಟ್ಟಿ ಉಬ್ಬುತ್ತದೆ. ಹಳೆಯ ಹಿಟ್ಟಿನ ರೊಟ್ಟಿ ಹರಿಯುವುದರಿಂದ ಬೇಕಾದಷ್ಟನ್ನೇ ಬೀಸಿಸುವುದು ರೂಢಿ. ಬಡಿಯಲು ಬಾರದವರು ಎರಡು ಹಾಳೆಗಳ ನಡುವೆ ಲಟ್ಟಿಸಬಹುದು.

ಮೊಳಕೆ ಹೆಸರುಕಾಳಿನ ಪಲ್ಯ. ಒಂದು ಬಟ್ಟಲು ಹೆಸರುಕಾಳನ್ನು ಎಂಟು ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ಎರಡು ಸಣ್ಣ ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಮಾಡಿ ಉಳ್ಳಾಗಡ್ಡಿ ಬಾಡಿಸಿ, ಕಾಳು, ಅರಿಶಿನ, ಒಂದು ಸಣ್ಣ ಚಮಚ ಮಸಾಲೆಖಾರ, ಉಪ್ಪು ಮತ್ತು ಅರ್ಧ ಲೋಟ ನೀರು ಹಾಕಿ ಮುಚ್ಚಿ ಬೇಯಿಸಬೇಕು. ಇಳಿಸುವ ಮುನ್ನ ಒಂದು ಚಮಚ ಗುರೆಳ್ಳು ಪುಡಿ ಸೇರಿಸಿದರೆ ಎಣ್ಣೆಯ ಕೊರತೆ ತೋರುವುದಿಲ್ಲ.

ಕಡಿಮೆ ಎಣ್ಣೆಯ ಹಿಟ್ಟಿನ ಪಲ್ಯ. ಒಂದು ಬಟ್ಟಲು ಕಡಲೆಹಿಟ್ಟನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಟ್ಟುಕೊಳ್ಳಬೇಕು. ಮೂರು ಸಣ್ಣ ಚಮಚ ಎಣ್ಣೆಯ ಒಗ್ಗರಣೆಯಲ್ಲಿ ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪು ಬಾಡಿಸಿ, ಒಂದೂವರೆ ಬಟ್ಟಲು ನೀರು ಕುದಿಸಿ, ಕದಡಿದ ಹಿಟ್ಟನ್ನು ಕೈಯಾಡಿಸುತ್ತ ಸುರಿಯಬೇಕು. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಮುಚ್ಚಿಟ್ಟರೆ ಹಸಿವಾಸನೆ ಹೋಗುತ್ತದೆ.

ತಬ್ಬೂಲೆಯ ಮಾದರಿಯ ಜೋಳದ ನುಚ್ಚು. ಒಂದು ಬಟ್ಟಲು ನುಚ್ಚನ್ನು ಬೆಚ್ಚಗೆ ಹುರಿದು, ಒಂದು ಗಂಟೆ ನೆನೆಸಿ, ಬಸಿದು, ಎರಡೂವರೆ ಬಟ್ಟಲು ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ ತಟ್ಟೆಯಲ್ಲಿ ಹರಡಿ ಆರಿಸಬೇಕು. ಎರಡು ಕಟ್ಟು ಕೊತ್ತಂಬರಿ, ಸ್ವಲ್ಪ ಪುದೀನ, ಎಳೆಯ ಮೆಂತ್ಯ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಟೊಮ್ಯಾಟೊ ಸಣ್ಣಗೆ ಹೆಚ್ಚಿ, ಎರಡು ನಿಂಬೆಹಣ್ಣಿನ ರಸ, ಉಪ್ಪು, ಎರಡು ಸಣ್ಣ ಚಮಚ ಶೇಂಗಾ ಎಣ್ಣೆಯೊಡನೆ ಕಲಸಬೇಕು. ಮೊಳಕೆ ಕಾಳನ್ನು ಬೇಯಿಸಿ ಕೂಡಿಸಿದರೆ ಇದೇ ಪೂರ್ಣ ಊಟವಾಗುತ್ತದೆ.

ಹಗುರ ಎಣಗಾಯಿ. ನಾಲ್ಕಾಗಿ ಸೀಳಿದ ಎಳೆ ಬದನೆಕಾಯಿಗಳನ್ನು ಮೊದಲು ಉಗಿಯಲ್ಲಿ ಬೇಯಿಸಿಕೊಂಡರೆ ಅವು ಎಣ್ಣೆ ಕುಡಿಯುವುದಿಲ್ಲ. ತುಂಬುವ ಮಸಾಲೆಯಲ್ಲಿ ಶೇಂಗಾ ಅರ್ಧ ತಗ್ಗಿಸಿ ಪುಟಾಣಿ ಹಿಟ್ಟು ಸೇರಿಸಬಹುದು.

ಎಚ್ಚರಿಕೆಗಳು

* ಮಧುಮೇಹವುಳ್ಳವರು ಜೋಳವೆಂದು ಎಣಿಕೆಯಿಲ್ಲದೆ ಉಣ್ಣಬಾರದು. ರೊಟ್ಟಿಗಳ ಸಂಖ್ಯೆಯನ್ನು ವೈದ್ಯರ ಸಲಹೆಯಂತೆ ನಿಗದಿಪಡಿಸಿಕೊಳ್ಳಬೇಕು.
* ಗೋಧಿಯ ಗ್ಲುಟನ್ ಆಗದವರಿಗೆ ಜೋಳ ಯೋಗ್ಯ. ಆದರೆ ಗೋಧಿ ಬೀಸಿದ ಗಿರಣಿಯಲ್ಲಿಯೇ ಬೀಸಿಸಿದರೆ ಹಿಟ್ಟಿನಲ್ಲಿ ಗೋಧಿ ಬೆರೆಯುತ್ತದೆ.
* ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಹಿಂಡಿ, ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕದಲ್ಲಿ ಸೇರುತ್ತದೆ.
* ಬೇಸಿಗೆಯಲ್ಲಿ ಮೊಳಕೆ ಕಾಳು ಬೇಗ ಹಳಸುತ್ತದೆ, ಲೋಳೆಯಾದುದನ್ನು ಬಳಸಬಾರದು.

ಸಾಮಾಜಿಕ ಅಂಶಗಳು

ರೊಟ್ಟಿ ಬಡಿಯುವುದು ಶ್ರಮದ ಕೆಲಸ. ಮನೆಯವರಿಗೆಲ್ಲ ಎರಡು ಹೊತ್ತು ಬಿಸಿರೊಟ್ಟಿ ಒದಗಿಸುವ ಹೊರೆ ಬಹುಕಾಲ ಹೆಂಗಸರ ಮೇಲೆಯೇ ಇತ್ತು. ಕೂಲಿ, ನೌಕರಿ ಮತ್ತು ವಿದ್ಯಾಭ್ಯಾಸಕ್ಕೆ ಅವರು ಹೊರಗೆ ಹೋಗುವಂತಾದಾಗ ಅನ್ನ ಮತ್ತು ಚಪಾತಿಗಳು ಅಡುಗೆಯನ್ನು ಸುಲಭಗೊಳಿಸಿದವು. ಉತ್ತರ ಕರ್ನಾಟಕದ ಊರುಗಳಲ್ಲಿ ರೊಟ್ಟಿಯನ್ನು ಮಾಡಿ ಮಾರುವುದು ಹಲವು ಮಹಿಳೆಯರಿಗೆ ಈಗ ದುಡಿಮೆಯ ಮಾರ್ಗವೂ ಆಗಿದೆ. ಜೋಳದ ಊಟ ಉಳಿಯಬೇಕಾದರೆ ಒಣಬೇಸಾಯದ ರೈತನಿಗೆ ಬೆಲೆ ದೊರೆಯುವಂತೆಯೇ, ಹಿಟ್ಟು ನಾದುವ ಕೆಲಸವೂ ಮನೆಯ ಗಂಡಸರು ಮತ್ತು ಮಕ್ಕಳಲ್ಲಿ ಹಂಚಿಕೆಯಾಗುವುದು ಅವಶ್ಯ. ನುಚ್ಚು ಮತ್ತು ಸಂಗಟಿಗಳಿಗೆ ಬಡಿಯುವ ಕೌಶಲ ಬೇಕಿಲ್ಲವಾದ್ದರಿಂದ ಹೊಸದಾಗಿ ಅಡುಗೆ ಕಲಿಯುವವರು ಅವುಗಳಿಂದ ಆರಂಭಿಸಬಹುದು.

ಇವನ್ನೂ ನೋಡಿ

* ಜೋಳ
* ಸಿರಿಧಾನ್ಯಗಳು
* ಉತ್ತರ ಕರ್ನಾಟಕದ ಅಡುಗೆ
* ಗೋಕಾಕ ಕರದಂಟು
* ಘಟಪ್ರಭಾ ನದಿ