ಹೈಬ್ರಿಡ್ ಅಕ್ಕಿ ತಿಂದರೆ ಬಂಜೆತನ ಬರುತ್ತದೆಯೇ? ಭತ್ತದ ಹೂವು ಹೇಳುವ ಸತ್ಯ

“ಹೈಬ್ರಿಡ್ ಭತ್ತವನ್ನು ಬಂಜೆ ಗಿಡದಿಂದ ಮಾಡುತ್ತಾರೆ. ಆ ಅಕ್ಕಿ ತಿಂದವರಿಗೂ ಮಕ್ಕಳಾಗುವುದಿಲ್ಲ.” ಇಂಥದೊಂದು ಸಂದೇಶ ನಿಮ್ಮ ಫೋನಿಗೆ ಬಂದರೆ ಏನು ಮಾಡುತ್ತೀರಿ? ಇದರ ಮೊದಲ ವಾಕ್ಯದಲ್ಲಿ ಸ್ವಲ್ಪ ಸತ್ಯವಿದೆ, ಎರಡನೆಯದು ಸುಳ್ಳು. ಅರ್ಧ ಸತ್ಯ ಬೆರೆತಿರುವುದರಿಂದಲೇ ಇಂಥ ಮಾತನ್ನು ಜನ ಬೇಗ ನಂಬುತ್ತಾರೆ. ಹಾಗಾಗಿ ವಿಷಯವನ್ನು ಬುಡದಿಂದಲೇ ನೋಡೋಣ.

ಭತ್ತದ ಹೂವಿನಲ್ಲಿ ಏನು ನಡೆಯುತ್ತದೆ?

ತೆನೆಯ ಒಂದೊಂದು ಕಾಳೂ ಮೊದಲು ಒಂದು ಪುಟ್ಟ ಹೂವು. ಅದರಲ್ಲಿ ಗಂಡು ಭಾಗವಾದ ಆರು ಕೇಸರಗಳೂ ನಡುವೆ ಹೆಣ್ಣು ಭಾಗವೂ ಇರುತ್ತವೆ. ಬೆಳಗಿನ ಹೊತ್ತು ಹೂವು ಸ್ವಲ್ಪ ಕಾಲ ಬಾಯಿ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹೂವಿನ ಪರಾಗ ಅದೇ ಹೂವಿನ ಹೆಣ್ಣು ಭಾಗದ ಮೇಲೆ ಬೀಳುತ್ತದೆ. ಹೊರಬಿದ್ದ ಪರಾಗದ ಆಯುಸ್ಸು ಕೆಲವೇ ನಿಮಿಷ.

ಪರಾಗದಿಂದ ಸಣ್ಣ ನಳಿಕೆಯೊಂದು ಕೆಳಗಿಳಿದು ಎರಡು ಗಂಡು ಕೋಶಗಳನ್ನು ಒಳಗೆ ತಲುಪಿಸುತ್ತದೆ. ಒಂದು ಅಂಡಕೋಶದೊಂದಿಗೆ ಕೂಡಿ ಮೊಳಕೆಯಾಗುತ್ತದೆ. ಇನ್ನೊಂದು ಪಕ್ಕದ ಮತ್ತೊಂದು ಕೋಶದೊಂದಿಗೆ ಕೂಡಿ ಪಿಷ್ಟ ತುಂಬಿದ ಭಾಗವಾಗುತ್ತದೆ. ನಾವು ಅನ್ನ ಮಾಡಿ ಉಣ್ಣುವುದು ಈ ಭಾಗವನ್ನೇ. ಈ ಕೂಡುವಿಕೆ ನಡೆಯದಿದ್ದರೆ ಸಿಗುವುದು ಅಕ್ಕಿಯಲ್ಲ, ಬರೀ ಜೊಳ್ಳು. ಅಂದರೆ ತಟ್ಟೆಯಲ್ಲಿರುವ ಪ್ರತಿಯೊಂದು ಅಗುಳೂ ಫಲವತ್ತಾದ ಹೂವಿನಿಂದಲೇ ಬಂದದ್ದು.

ಹಾಗಾದರೆ ‘ಬಂಜೆ ಗಿಡ’ ಎಲ್ಲಿಂದ ಬಂತು?

ಎರಡು ಬೇರೆ ತಳಿಗಳನ್ನು ಕೂಡಿಸಿದರೆ ಹೈಬ್ರಿಡ್. ಆದರೆ ಭತ್ತ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಲಕ್ಷಾಂತರ ಹೂವುಗಳ ಕೇಸರಗಳನ್ನು ಕೈಯಿಂದ ಕೀಳುವುದು ಆಗದ ಕೆಲಸ. ಇದಕ್ಕೆ ದಾರಿ ಸಿಕ್ಕಿದ್ದು 1970ರಲ್ಲಿ. ಚೀನಾದ ವಿಜ್ಞಾನಿ ಯುವಾನ್ ಲಾಂಗ್‌ಪಿಂಗ್ ಅವರ ತಂಡಕ್ಕೆ ಹೈನಾನ್ ದ್ವೀಪದಲ್ಲಿ, ಪರಾಗ ಸತ್ತುಹೋಗುವ ಒಂದು ಕಾಡುಭತ್ತದ ಗಿಡ ಸಿಕ್ಕಿತು. ಅದರ ಹೆಣ್ಣು ಭಾಗ ಮಾತ್ರ ಚೆನ್ನಾಗಿತ್ತು.

ಕಾರಣ ಆ ಗಿಡದ ಮೈಟೊಕಾಂಡ್ರಿಯದಲ್ಲಿದ್ದ ಒಂದು ಜೀನು. ಮೈಟೊಕಾಂಡ್ರಿಯ ಎಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ. ಇದು ತಾಯಿ ಗಿಡದಿಂದ ಮಾತ್ರ ಬರುತ್ತದೆ. 2013ರಲ್ಲಿ ಚೀನಾದ ಸಂಶೋಧಕರು ಆ ಜೀನನ್ನು ಗುರುತಿಸಿ ಡಬ್ಲ್ಯೂಎ352 ಎಂದು ಹೆಸರಿಟ್ಟರು. ಬೆಳೆಯುತ್ತಿರುವ ಪರಾಗಕ್ಕೆ ಆಹಾರ ಕೊಡುವ ಒಂದು ಪದರ ಕೇಸರದೊಳಗಿದೆ. ಈ ಜೀನಿನಿಂದ ತಯಾರಾಗುವ ಪ್ರೋಟೀನು ಆ ಪದರವನ್ನು ಸಮಯಕ್ಕೆ ಮೊದಲೇ ಸಾಯಿಸುತ್ತದೆ. ಆಹಾರವಿಲ್ಲದೆ ಪರಾಗವೂ ಸಾಯುತ್ತದೆ.

ಇದಕ್ಕೆ ಮದ್ದೂ ಭತ್ತದಲ್ಲೇ ಇದೆ. ಆರ್‌ಎಫ್3, ಆರ್‌ಎಫ್4 ಎಂಬ ಜೀನುಗಳು ಈ ತೊಂದರೆಯನ್ನು ತಡೆದು ಪರಾಗವನ್ನು ಮತ್ತೆ ಫಲವತ್ತಾಗಿಸುತ್ತವೆ. ಗಂಡು ಬಂಜೆಯಾದ ಸಾಲಿನ ಪಕ್ಕ ಈ ಜೀನುಗಳಿರುವ ಸಾಲನ್ನು ನಾಟಿ ಮಾಡಿ, ಹೂವಾದಾಗ ಹಗ್ಗ ಎಳೆದು ಅಥವಾ ಕೋಲಿನಿಂದ ಅಲುಗಾಡಿಸಿ ಪರಾಗ ಹಾರಿಸುತ್ತಾರೆ. ಆಗ ಕಟ್ಟುವ ಕಾಳೇ ಹೈಬ್ರಿಡ್ ಬೀಜ. ಅದನ್ನು ಬಿತ್ತಿದ ರೈತನ ಗದ್ದೆಯಲ್ಲಿ ಗಿಡ ಬಂಜೆಯಲ್ಲ, ತೆನೆ ತುಂಬಾ ಕಾಳು. ಮಂಡ್ಯದ ಸಂಶೋಧನಾ ಕೇಂದ್ರದಿಂದ ಬಂದ ಕೆಆರ್‌ಎಚ್-2 ಹೈಬ್ರಿಡ್ ಇದೇ ವಿಧಾನದ್ದು.

ತಿಂದರೆ ನಮಗೇನಾದರೂ ಆಗುತ್ತದೆಯೇ?

ಇಲ್ಲ. ಆ ಪ್ರೋಟೀನು ಸೇರಿಕೊಳ್ಳುವುದು ಹೂವಿನ ಕೇಸರದಲ್ಲಿ, ನಾವು ತಿನ್ನುವ ಕಾಳಿನಲ್ಲಲ್ಲ. ಅದು ಕೆಡಿಸುವ ಪದರವೂ ಗಿಡದ ಹೂವಿನಲ್ಲಿರುವಂಥದ್ದು, ಮನುಷ್ಯನ ದೇಹದಲ್ಲಿ ಅದಿಲ್ಲ. ಇನ್ನು ಜೀನುಗಳ ಮಾತು: ಸೊಪ್ಪು, ಬೇಳೆ, ಮೀನು ಯಾವುದನ್ನು ತಿಂದರೂ ಅದರ ಜೀನುಗಳು ಹೊಟ್ಟೆಗೆ ಹೋಗಿ ಜೀರ್ಣವಾಗುತ್ತವೆ. ಬದನೆಕಾಯಿ ತಿಂದವರು ಬದನೆಕಾಯಿ ಆಗುವುದಿಲ್ಲವಷ್ಟೆ!

ಬೀಜ ಉಳಿಸಿ ಬಿತ್ತಿದರೆ ಮೊಳೆಯುವುದಿಲ್ಲವೇ?

ಮೊಳೆಯುತ್ತದೆ. ಮೊಳೆಯದಂತೆ ಮಾಡುವ ‘ಟರ್ಮಿನೇಟರ್’ ತಂತ್ರಜ್ಞಾನಕ್ಕೆ 1998ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು, ಆದರೆ ಅಂಥ ಬೀಜ ಎಂದೂ ಮಾರುಕಟ್ಟೆಗೆ ಬರಲಿಲ್ಲ. ಭಾರತದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ಅಂಥ ತಳಿಯನ್ನು ನೋಂದಾಯಿಸಲೂ ಆಗುವುದಿಲ್ಲ.

ಆದರೆ ರೈತರು ಒಂದನ್ನು ನೆನಪಿಡಬೇಕು. ಹೈಬ್ರಿಡ್‌ನಿಂದ ಉಳಿಸಿದ ಬೀಜದಲ್ಲಿ ಜೀನುಗಳು ಹಂಚಿಹೋಗುತ್ತವೆ. ಒಂದು ಗಿಡ ಎತ್ತರ, ಇನ್ನೊಂದು ಕುಳ್ಳ. ಒಂದು ಬೇಗ ಮಾಗುತ್ತದೆ, ಇನ್ನೊಂದು ತಡ. ಪರಾಗ ಸರಿಪಡಿಸುವ ಜೀನು ಸಿಗದ ಗಿಡಗಳಲ್ಲಿ ಜೊಳ್ಳೇ ಹೆಚ್ಚು. ಇಳುವರಿ ಬಿದ್ದು ನಷ್ಟವಾಗುತ್ತದೆ. ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ಹೈಬ್ರಿಡ್ ಅಲ್ಲದ ಸುಧಾರಿತ ತಳಿ ಅಥವಾ ನಾಟಿ ತಳಿ ಬೆಳೆಯುವುದೇ ಸರಿ.

ಜೊಳ್ಳು ಕಂಡ ತಕ್ಷಣ ಬೀಜವನ್ನೇ ದೂರುವಂತೆಯೂ ಇಲ್ಲ. ಹೂವಾಡುವಾಗ ಬಿಸಿಲು 35 ಡಿಗ್ರಿ ದಾಟಿದರೆ, ಪರಾಗ ಬೆಳೆಯುವ ಹೊತ್ತಿಗೆ ತೀರಾ ಚಳಿಯಾದರೆ, ಯಾವ ತಳಿಯಲ್ಲೂ ಕಾಳು ಕಟ್ಟುವುದು ಕಡಿಮೆಯಾಗುತ್ತದೆ.

ಹೈಬ್ರಿಡ್ ಬೀಜ ದುಬಾರಿಯೇ, ಪ್ರತಿ ವರ್ಷ ಕೊಳ್ಳಬೇಕೇ ಎಂಬುದು ನ್ಯಾಯವಾದ ಪ್ರಶ್ನೆ, ಅದನ್ನು ಕೇಳಲೇಬೇಕು. ಆದರೆ ಮಕ್ಕಳಾಗದ ದಂಪತಿಗೆ ಬೇಕಾಗಿರುವುದು ವೈದ್ಯರ ಸಲಹೆ, ಅಕ್ಕಿಯ ಮೇಲಿನ ಭಯವಲ್ಲ. ಆ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಇಷ್ಟನ್ನು ತಿಳಿಸಿ.