ಮಾತ್ರೆ ಊರು ಮುಟ್ಟಿದ ಮೇಲೆ

ಕೋಟ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಶಿವರಾಮ ಕಾರಂತರು. ಮನೋವೈದ್ಯರಿಗೆ ಅದೇ ಊರು ಇನ್ನೊಂದು ಕಾರಣಕ್ಕೆ ಪರಿಚಿತ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಈ ಕರಾವಳಿ ಹಳ್ಳಿಯ ಜನರ ಮನಸ್ಸಿನ ತೊಂದರೆಗಳನ್ನು ಅಧ್ಯಯನ ಮಾಡಿ, 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಪುಸ್ತಕ ಹೊರತಂದರು. ಮನಸ್ಸು ಕೆಟ್ಟಾಗ ಜನ ಯಾರ ಬಳಿ ಹೋಗುತ್ತಿದ್ದರು? ನಾಟಿ ವೈದ್ಯರು, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ, ಜೊತೆಗೆ ಇಂಗ್ಲಿಷ್ ಔಷಧಿಯ ಡಾಕ್ಟರು. ಒಬ್ಬರಲ್ಲಿಗೆ ಹೋದವರು ಇನ್ನೊಬ್ಬರನ್ನು ಬಿಡಬೇಕೆಂದೇನೂ ಇರಲಿಲ್ಲ. ಊರಲ್ಲಿ ಕಾಯಿಲೆಯೂ ಇತ್ತು, ಆರೈಕೆಯ ಹುಡುಕಾಟವೂ ಇತ್ತು. ಇಲ್ಲದ್ದು ಮನೋವೈದ್ಯರು ಮಾತ್ರ.

ಅವರೆಲ್ಲ ದೊಡ್ಡ ಗೋಡೆಗಳ ಒಳಗಿದ್ದರು. ಬೆಂಗಳೂರಿನ ಹುಚ್ಚಾಸ್ಪತ್ರೆಯ ಮೂಲ 1847ರಷ್ಟು ಹಿಂದಿನದು. 1925ರಲ್ಲಿ ಮೈಸೂರು ಸರ್ಕಾರ ಅದನ್ನು ‘ಮಾನಸಿಕ ಆಸ್ಪತ್ರೆ’ ಎಂದು ಕರೆಯಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಬೋರ್ಡು ಬದಲಾದರೂ ‘ನಿಮ್ಹಾನ್ಸ್‌ಗೆ ಸೇರಿಸಬೇಕು ಇವನನ್ನ’ ಎಂಬ ಗೇಲಿ ಇಂದಿಗೂ ನಿಂತಿಲ್ಲ.

ಗೋಡೆಯನ್ನು ಮೊದಲು ಸಡಿಲಿಸಿದ್ದು ಅಮೃತಸರ. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ವಿದ್ಯಾಸಾಗರ್, ರೋಗಿಯ ಮನೆಯವರಿಗೂ ಆಸ್ಪತ್ರೆಯ ಬಯಲಲ್ಲೇ ಡೇರೆ ಹಾಕಿಸಿದರು. ಕಾಯಿಲೆ ಏನೆಂದು ಮನೆಯವರು ಅಲ್ಲೇ ಕಲಿತರು. ಗುಣವಾದವರನ್ನು ಮನೆಗೆ ಕರೆದೊಯ್ಯುವುದು ಸುಲಭವಾಯಿತು.

ಆಸ್ಪತ್ರೆಯೇ ಊರಿಗೆ ಹೋಗುವ ಪ್ರಯೋಗಕ್ಕೆ ಇನ್ನೂ ಎರಡು ದಶಕ ಬೇಕಾಯಿತು. 1975ರ ಹೊತ್ತಿಗೆ ಹರಿಯಾಣದ ರಾಯ್‌ಪುರ್ ರಾಣಿಯಲ್ಲಿಯೂ, ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್ ಕಡೆಯಿಂದಲೂ ಒಂದೇ ಪ್ರಶ್ನೆ ಎದ್ದಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸಮ್ಮ ಈ ಕೆಲಸ ಮಾಡಲಾರರೇ? 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಾಗದದ ಮೇಲೆ ಬಂತು. ಅದನ್ನು ನೆಲದ ಮೇಲೆ ಪರೀಕ್ಷಿಸಿದ್ದು ಬಳ್ಳಾರಿ. ಆ ದಶಕದ ಉತ್ತರಾರ್ಧದಲ್ಲಿ ಇಡೀ ಜಿಲ್ಲೆಯ ಸರ್ಕಾರಿ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಿಗಳನ್ನು ಕೇಂದ್ರಗಳಿಗೆ ಒದಗಿಸಲಾಯಿತು. ಅದರಲ್ಲಿ ಚಮತ್ಕಾರವೇನೂ ಇರಲಿಲ್ಲ, ಹಾಗಾಗಿಯೇ ಅನುಕರಿಸಲು ಸಾಧ್ಯವಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈ ‘ಬಳ್ಳಾರಿ ಮಾದರಿ’ಯ ಕೂಸು.

ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾ ಆಸರೆಯ ಖಾಸಗಿ ವಸತಿಯೊಂದಕ್ಕೆ ಬೆಂಕಿ ಬಿದ್ದಾಗ ಒಳಗಿದ್ದವರು ಸರಪಳಿಯಲ್ಲಿದ್ದರು. ಓಡಲಾಗದೆ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಸತ್ತರು. ಬಳ್ಳಾರಿಯ ಪಾಠ ಆಗ ಹದಿನೈದು ವರ್ಷ ಹಳೆಯದಾಗಿತ್ತು.

2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಡೆದ ನಿಮ್ಹಾನ್ಸ್ ಕೆಲಸಕ್ಕೆ ಈ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನುಹತ್ತಲಾಯಿತು. ಅಳೆದದ್ದು ಭ್ರಮೆ ಇಳಿಯಿತೇ ಎಂಬುದನ್ನಷ್ಟೇ ಅಲ್ಲ; ಸ್ನಾನ, ದುಡಿಮೆ, ನಾಲ್ಕು ಜನರೊಡನೆ ಮಾತು, ಅಂದರೆ ಬದುಕಿನ ಊನವನ್ನೂ ಅಳೆದರು. ಚಿಕಿತ್ಸೆ ಸಿಕ್ಕವರಲ್ಲಿ ಆ ಊನ ಕಡಿಮೆಯಿತ್ತು. ಮುಂದೆ ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಲಾಯಿತು. ಇವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗೌರವಧನಕ್ಕೆ ದುಡಿಯುವವರು, ಸ್ವತಃ ಅಂಗವಿಕಲರು. ದೊಡ್ಡ ಪದವಿಯಿಲ್ಲದ ಇಂಥವರು ಮತ್ತು ಆಶಾ ಕಾರ್ಯಕರ್ತೆಯರು ಇಲ್ಲದಿದ್ದರೆ ತಜ್ಞರ ಯೋಜನೆಗಳು ತಾಲ್ಲೂಕು ಕಚೇರಿ ದಾಟುತ್ತಿರಲಿಲ್ಲ.

ಕಾನೂನು ಹೆಜ್ಜೆ ಹಾಕಿದ್ದು ನಿಧಾನವಾಗಿ. 1995ರ ಅಂಗವಿಕಲರ ಕಾಯ್ದೆ ಮಾನಸಿಕ ಕಾಯಿಲೆಯನ್ನು ಏಳು ವೈಕಲ್ಯಗಳಲ್ಲಿ ಒಂದೆಂದು ಒಪ್ಪಿತು, ಆದರೆ ನೌಕರಿಯ ಶೇ. 3 ಮೀಸಲಾತಿಯಲ್ಲಿ ಪಾಲು ಕೊಡಲಿಲ್ಲ. 2016ರ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 21ಕ್ಕೂ, ಮೀಸಲಾತಿಯನ್ನು ಶೇ. 4ಕ್ಕೂ ಏರಿಸಿತು. ಪಾಲು ಸಿಕ್ಕಿತೇನೋ ನಿಜ, ಕೊನೆಯ ಶೇ. 1ರಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಬಹುವಿಧ ವೈಕಲ್ಯ ಇರುವವರೊಡನೆ ಹಂಚಿಕೊಳ್ಳಬೇಕು. ಮೇಲಾಗಿ ಸೌಲಭ್ಯ ಸಿಗಲು ಶೇ. 40ರ ಪ್ರಮಾಣಪತ್ರ ಬೇಕು. ಕಾಣದ ಕಾಯಿಲೆಗೆ ಅಂಕ ಹಾಕಿಸಿಕೊಳ್ಳಲು ಕಚೇರಿ ಅಲೆಯುವುದು, ಕಾಯಿಲೆಯವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾತ್ರ ನೇರವಾಗಿ ಮಾತಾಡುತ್ತದೆ: ಸರಪಳಿ ಹಾಕುವಂತಿಲ್ಲ, ಸಮಾಜದ ನಡುವೆ ಬಾಳುವುದು ಹಕ್ಕು, ಕರೆದೊಯ್ಯುವವರಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಕೂಡಿಹಾಕುವಂತಿಲ್ಲ.

ಕರ್ನಾಟಕ 2014ರಲ್ಲಿ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಮನೋವೈದ್ಯರ ತಪಾಸಣೆ ತಂದಿತು. 2022ರಲ್ಲಿ ಟೆಲಿ ಮಾನಸ್ ಫೋನ್ ಸೇವೆಯೂ ಶುರುವಾಯಿತು. ಮಾತ್ರೆ, ಸಲಹೆ ಎರಡೂ ಹತ್ತಿರವಾದವು. ದೂರವೇ ಉಳಿದಿರುವುದು ಗದ್ದೆಯ ಕೂಲಿ, ಅಂಗಡಿಯ ಕೆಲಸ, ಮದುವೆ ಊಟದ ಪಂಕ್ತಿಯಲ್ಲೊಂದು ಎಲೆ. ಅದು ಇಲಾಖೆಯ ಉಗ್ರಾಣದಿಂದ ಬರುವ ಸಾಮಾನಲ್ಲ. ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಯಾರು ಎಂದು ಗೊತ್ತಿಲ್ಲದಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.