ಕರುಳಿನೊಳಗಿನ ಕಾವಲು: ಡಿಫೆನ್ಸಿನ್‌ಗಳು

ಲಂಡನ್ನಿನ ಪ್ಯಾಡಿಂಗ್ಟನ್ ರೈಲು ನಿಲ್ದಾಣದ ಪಕ್ಕದಲ್ಲಿರುವ ಸೇಂಟ್ ಮೇರೀಸ್ ಆಸ್ಪತ್ರೆ ಪೆನಿಸಿಲಿನ್ನಿನ ತವರು. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಅದನ್ನು ಗುರುತಿಸಿದರು. ಅದಕ್ಕೂ ಏಳು ವರ್ಷ ಹಿಂದೆ ಇಲ್ಲಿಯೇ ಅವರು ಕಂಡ ಇನ್ನೊಂದು ವಸ್ತು ಅಷ್ಟು ಪ್ರಸಿದ್ಧವಲ್ಲ. ನೆಗಡಿಯಾದಾಗ ತಮ್ಮ ಮೂಗಿನ ಲೋಳೆಯನ್ನೇ ಅವರು ಪರೀಕ್ಷೆಗೆ ಒಡ್ಡಿದರು. ಅದು ಕೆಲವು ಬ್ಯಾಕ್ಟೀರಿಯಾಗಳನ್ನು ಕರಗಿಸಿಬಿಟ್ಟಿತು. ಕಣ್ಣೀರಿನಲ್ಲೂ ಮೊಟ್ಟೆಯ ಬಿಳಿಭಾಗದಲ್ಲೂ ಇರುವ ಆ ಪ್ರೋಟೀನಿಗೆ ಲೈಸೋಜೈಮ್ ಎಂದು ಹೆಸರಾಯಿತು. ಮಾರಕ ರೋಗಾಣುಗಳ ಮೇಲೆ ಅದರ ಪ್ರಭಾವ ಕಡಿಮೆಯಿದ್ದುದರಿಂದ ಪೆನಿಸಿಲಿನ್ನಿನ ಕೀರ್ತಿ ಅದಕ್ಕೆ ಬರಲಿಲ್ಲ.

ಅದೇ ಲೈಸೋಜೈಮ್ ನಮ್ಮ ಸಣ್ಣ ಕರುಳಿನಲ್ಲೂ ಸ್ರವಿಸುತ್ತದೆ. ಕರುಳಿನ ಒಳಗೋಡೆಯಲ್ಲಿ ಸೂಕ್ಷ್ಮ ಕುಳಿಗಳಿವೆ. ಅವುಗಳ ತಳದಲ್ಲಿ ಪ್ಯಾನೆತ್ ಕೋಶಗಳಿವೆ. 1888ರಲ್ಲಿ ಅವನ್ನು ವಿವರಿಸಿದ ವಿಯೆನ್ನಾದ ಜೋಸೆಫ್ ಪ್ಯಾನೆತ್ ಅವರಿಂದ ಆ ಹೆಸರು. ಈ ಕೋಶಗಳು ಲೈಸೋಜೈಮಿನೊಂದಿಗೆ ಡಿಫೆನ್ಸಿನ್ ಎಂಬ ಪೆಪ್ಟೈಡ್‌ಗಳನ್ನೂ, ಅಂದರೆ ಮೂವತ್ತು ಚಿಲ್ಲರೆ ಅಮೈನೊ ಆಮ್ಲಗಳ ಕಿರು ಸರಪಳಿಗಳನ್ನೂ, ಸ್ರವಿಸುತ್ತವೆ.

ಇವುಗಳ ಕಾರ್ಯವಿಧಾನ ಸರಳ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣಾವೇಶವಿರುತ್ತದೆ, ಡಿಫೆನ್ಸಿನ್ನಿನಲ್ಲಿ ಸಾಮಾನ್ಯವಾಗಿ ಧನಾವೇಶ. ಆಕರ್ಷಿತವಾಗಿ ಅಂಟಿಕೊಂಡ ಪೆಪ್ಟೈಡ್ ಪೊರೆಯನ್ನು ಭೇದಿಸುತ್ತದೆ. ಒಳಗಿನ ದ್ರವ್ಯ ಸೋರಿ ಜೀವಿ ಸಾಯುತ್ತದೆ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಅಂಥ ಆವೇಶ ಕಡಿಮೆ, ಕೊಲೆಸ್ಟೆರಾಲ್ ಹೆಚ್ಚು. ಆದ್ದರಿಂದ ಅವುಗಳಿಗೆ ಅಪಾಯವೂ ಕಡಿಮೆ. ಮನುಷ್ಯರ ಆರನೆಯ ಆಲ್ಫಾ ಡಿಫೆನ್ಸಿನ್ ಮಾತ್ರ ಹೆಚ್ಚಾಗಿ ಕೊಲ್ಲುವುದೇ ಇಲ್ಲ: ಅದರ ಅಣುಗಳು ಸೇರಿ ಬಲೆ ಹೆಣೆದು, ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ಕರುಳಿನ ಗೋಡೆ ಮುಟ್ಟದಂತೆ ಸಿಕ್ಕಿಸುತ್ತವೆ. ಇದು 2012ರಲ್ಲಿ ಪ್ರಕಟವಾದ ಸಂಶೋಧನೆ.

ಕರುಳಿನ ಉದ್ದೇಶ ನಿರ್ಮೂಲನವಲ್ಲ, ಗಡಿ ಕಾಯುವುದು ಎಂದು ಇದರಿಂದ ನಾನು ತಿಳಿಯುತ್ತೇನೆ. ಅಲ್ಲಿ ನೆಲೆಸಿರುವ ಬ್ಯಾಕ್ಟೀರಾಯ್ಡೀಸ್‌ನಂಥ ಸಹವಾಸಿಗಳು ತಮ್ಮ ಹೊರಮೈಯ ಋಣಾವೇಶವನ್ನು ತಗ್ಗಿಸಿಕೊಂಡು ಈ ಪೆಪ್ಟೈಡ್‌ಗಳನ್ನು ತಾಳಿಕೊಳ್ಳುತ್ತವೆ.

ಅದೇ ಉಪಾಯ ರೋಗಾಣುಗಳಿಗೂ ಒದಗಿದರೆ ಗಂಡಾಂತರ. ಕೊಲಿಸ್ಟಿನ್ ಮಣ್ಣಿನ ಬ್ಯಾಕ್ಟೀರಿಯಾದಿಂದ ದೊರೆತ ಪೆಪ್ಟೈಡ್ ಔಷಧ. ಬೇರೆ ಪ್ರತಿಜೈವಿಕಗಳು ಸೋತಾಗ ವೈದ್ಯರು ಬಳಸುವ ಕೊನೆಯ ಅಸ್ತ್ರ. ಹೊರಮೈಯ ಆವೇಶವನ್ನು ಬದಲಿಸಿ ಅದನ್ನು ನಿಷ್ಫಲಗೊಳಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಎಂಸಿಆರ್-1 ಜೀನ್ 2015ರಲ್ಲಿ ಚೀನಾದಿಂದ ವರದಿಯಾಯಿತು. 2019ರಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ಊರಿನಿಂದ ಮರಳುವಾಗ ‘ಇರಲಿ’ ಎಂದು ಪ್ರತಿಜೈವಿಕ ಮಾತ್ರೆಗಳನ್ನು ಪೆಟ್ಟಿಗೆಗೆ ಸೇರಿಸುವ ರೂಢಿ ನಮ್ಮಲ್ಲಿದೆ. ನಾನೂ ಹಾಗೆ ತಂದವನೇ. ಅರೆಬರೆ ಪ್ರಮಾಣದ ಔಷಧ ರೋಗಾಣುಗಳಿಗೆ ಪ್ರತಿರೋಧ ಕಲಿಸುತ್ತದೆಂದು ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು. ಅದನ್ನು ಓದಿದ ಮೇಲೆ ನಾನು ಆ ರೂಢಿ ಬಿಟ್ಟೆ.